ಅದಲುಬದಲಾದ ಬಾಲಗಳು

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವನ ತಲೆ ಉರುಳುತ್ತದೆ!"

ಡಂಗುರ ಸಾರಿದ್ದೇ ತಡ, ಮೀಸೆ ತಿರುವಿಕೊಂಡು ರಾಜಕುಮಾರರು ಬಂದಿಳಿದರು. ಪದ್ಮಲೆಗೆ ರಕ್ತದ ಕಾಯಿಲೆ, ಬಿಳಿ ಕಣ ಮಿತಿಮೀರಿ ಹೆಚ್ಚುವುದು. ಒಬ್ಬನಾದರೂ ಹೇಗಿದ್ದೀಯಮ್ಮ ಎಂದು ಕೇಳಬೇಡವೇ?

ಸುಣ್ಣ ಸುಡುವ ಬಸಿಲಿಂಗನೂ ಬಂದ. ಅವನ ತಂಗಿ ನೀಲಿಗೂ ಅದೇ ಕಾಯಿಲೆ. ಅದರ ಮಾತ್ರೆ ಇದ್ದದ್ದು ಅರಮನೆಯ ಉಗ್ರಾಣದಲ್ಲಿ ಮಾತ್ರ. ವೈದ್ಯರು ರೇಗುವವರೆಗೂ ಕೇಳಿ ಕೇಳಿ ಅವನು ಕಾಯಿಲೆಯ ಸಂಗತಿ ತಿಳಿದುಕೊಂಡಿದ್ದ.

"ನನ್ನ ಒಂದೊಂದು ಕಣದಲ್ಲೂ ಮೈಗೆಲ್ಲ ಅಪ್ಪಣೆ ಬರೆದಿಟ್ಟ ಇಪ್ಪತ್ತಮೂರು ಜೊತೆ ದಾರ," ಎಂದಳು ಪದ್ಮಲೆ. "ಒಂಬತ್ತನೆಯದೂ ಇಪ್ಪತ್ತೆರಡನೆಯದೂ ಬಾಲ ಅದಲುಬದಲು ಮಾಡಿಕೊಂಡಿವೆ. ಏನೂ ಕಳೆದಿಲ್ಲ, ಆದರೂ ಮನೆ ಹಾಳು. ಯಾಕೆ?"

"ಗ್ರಹಚಾರ!" ಎಂದ ಒಬ್ಬ. "ದೃಷ್ಟಿ ತಗುಲಿದೆ" ಎಂದ ಇನ್ನೊಬ್ಬ. "ಮದುವೆಯಾದರೆ ಎಲ್ಲ ಸರಿಹೋಗುತ್ತೆ" ಎಂದ ಮೂರನೆಯವನು. ಮೂವರನ್ನೂ ಕತ್ತಿಯವನ ಮುಂದೆ ಕೂರಿಸಿದರು.

"ಬಾಲ ಬದಲಾಗಿ ಗಂಟು ಬಿದ್ದ ಜಾಗ ನೋಡಿ ತಾಯಿ," ಎಂದ ಬಸಿಲಿಂಗ. "ಅಲ್ಲಿ ಹೊಸ ಅಪ್ಪಣೆ ಹುಟ್ಟಿದೆ. ಹೆಚ್ಚಿ, ಹೆಚ್ಚಿ ಅಂತ ಬಿಳಿ ಕಣಗಳಿಗೆ ಒಂದೇ ಸಮನೆ ಕೂಗ್ತದೆ. ಮಾತ್ರೆ ಅದರ ಬಾಯಿ ಮುಚ್ಚಿಸ್ತದೆ."

"ಅದೇ ಗಂಟು, ಅದೇ ಮಾತ್ರೆ, ಇಬ್ಬರು ಹುಡುಗಿಯರು," ಎಂದು ಪದ್ಮಲೆ ಎರಡನೆಯ ಒಗಟು ಹೇಳಿದಳು. "ಒಬ್ಬಳು ಮೊಮ್ಮಕ್ಕಳನ್ನು ಆಡಿಸುತ್ತಾಳೆ, ಇನ್ನೊಬ್ಬಳು ಸೋಲುತ್ತಾಳೆ. ಯಾಕೆ?"

ಬಸಿಲಿಂಗ ತಗ್ಗಿದ ದನಿಯಲ್ಲಿ ಹೇಳಿದ. "ಇನ್ನೊಬ್ಬಳಲ್ಲಿ ಬೇರೆ ಕೇಡೂ ಸೇರಿಕೊಂಡಿದೆ. ಎಂಟನೇ ದಾರ ಒಂದು ಹೆಚ್ಚು, ಹದಿನೇಳನೆಯದು ಕೆಟ್ಟಿದೆ. ಒಂದು ಬಾಯಿ ಮುಚ್ಚಿಸಿದರೆ ಸಾಲಲ್ಲ."

"ನಾನು ಎಷ್ಟು ವರ್ಷ ಬದುಕುತ್ತೇನೆ?" ಎಂದು ಪದ್ಮಲೆ ಮೂರನೆಯದನ್ನು ಕೇಳಿದಳು.

ನೂರು ಅನ್ನೋ ಎಂದು ರಾಜ ಕಣ್ಸನ್ನೆ ಮಾಡಿದ.

"ನೋಡೋಣ," ಎಂದ ಬಸಿಲಿಂಗ.

"ಥೂ!" ರಾಜ ಎದ್ದು ನಿಂತ. "ವೈದ್ಯರೂ ಇದನ್ನೇ ಹೇಳಿ ತಲೆ ತಿಂದಿದ್ದಾರೆ. ಕಡಿಯಿರಿ ಇವನನ್ನು!"

"ಅವರದು ಸಾಗಹಾಕೋ ನೋಡೋಣ, ದೊರೆ! ನಾನಂದದ್ದು ಕಣ್ಣಲ್ಲಿ ನೋಡೋದು. ಆಗಾಗ ರಕ್ತ ನೋಡಬೇಕು, ದಾರ ಎಣಿಸಬೇಕು. ಗಂಟೊಂದೇ ಇದ್ದರೆ ಧೈರ್ಯ. ಹೊಸ ಕೇಡು ಕಂಡರೆ ಔಷಧಿ ಬದಲಿಸಬೇಕು. ನೋಡೋಣ ಅಂತ ಎಲ್ಲರೂ ಅಂತಾರೆ, ಯಾರೂ ನೋಡೋದೇ ಇಲ್ಲ!"

"ಸರಿಯುತ್ತರ," ಎಂದಳು ಪದ್ಮಲೆ. "ಆ ಮೂವರನ್ನೂ ಬಿಟ್ಟುಬಿಡಿ. ಅವರ ತಲೆ ತಗೊಂಡು ನಾನೇನು ಮಾಡಲಿ?"

ರಾಜ ಅರ್ಧ ರಾಜ್ಯ, ಮಗಳ ಕೈ ಎಂದೆಲ್ಲ ಶುರುಮಾಡಿದ.

"ಅದೆಲ್ಲ ಯಾರಿಗೆ ಬೇಕು? ನನ್ನ ತಂಗಿಗೆ ಮಾತ್ರೆ ಕೊಡಿ!" ಎಂದು ಬಸಿಲಿಂಗ ರೇಗಿದ.

"ಅವಳಿಗೆ ಗಂಟೊಂದೇ ತಾನೆ?" ಎಂದು ಪದ್ಮಲೆ ಕೇಳಿದಳು.

"ಇಲ್ಲ ತಾಯಿ. ಎಂಟನೆಯದು ಹೆಚ್ಚಿದೆ, ಹದಿನೇಳನೆಯದು ಕೆಟ್ಟಿದೆ."

ಪದ್ಮಲೆಗೆ ತನ್ನ ಒಗಟಿನ ಮೇಲೇ ಸಿಟ್ಟು ಬಂತು. "ಸೋಲುತ್ತಾಳೆ ಅನ್ನೋಕೆ ನಾನ್ಯಾರು? ಉಗ್ರಾಣದ ಬೀಗ ತೆಗೆಯಿರಿ. ಎಲ್ಲಕ್ಕಿಂತ ಬಲವಾದ ಔಷಧಿ ಮೊದಲು ಅವಳಿಗೆ!" ಎಂದು ಕೂಗಿದಳು. ಅಂದು ಮಧ್ಯಾಹ್ನವೇ ರಾಜಕುಮಾರಿಯ ಪಕ್ಕದಲ್ಲಿ ನೀಲಿಗೂ ಹಾಸಿಗೆ ಹಾಸಿದರು.