ಏಳನೇ ತರಗತಿಯಲ್ಲಿ ನಿಂತ ಹುಲಿಗೆಮ್ಮ

ಹುಲಿಗೆಮ್ಮ ಸರಕಾರಿ ಶಾಲೆಯ ನಾಲ್ಕನೇ ತರಗತಿಯ ಹುಡುಗಿ. ಲೆಕ್ಕದಲ್ಲಿ ಮಾತ್ರ ಏಳನೆಯವರನ್ನೂ ದಾಟಿದ್ದಳು. ಗಣಿತದ ಪಿರಿಯಡ್ಡಿಗೆ ಅವಳನ್ನು ಏಳನೇ ತರಗತಿಯಲ್ಲಿ ಕೂರಿಸಲು ಅನುಮತಿ ಕೊಡಿ ಎಂದು ಗಣಿತ ಕಲಿಸುವ ಅಕ್ಕೋರು ಕೇಳಿದರು. ಶಿಕ್ಷಣಾಧಿಕಾರಿಗಳು ಕೊಡಲಿಲ್ಲ. ಪ್ರತಿಭೆಯ ಬಗ್ಗೆ ಇಲಾಖೆಗೆ ಅಪಾರ ಗೌರವವಿದೆ. ಅದು ವಯಸ್ಸಿಗೆ ತಕ್ಕಂತೆ ಬರಬೇಕು, ಅಷ್ಟೆ.

ಮುಂದಿನ ತಿಂಗಳು ಅದೇ ಸಾಹೇಬರು ತಪಾಸಣೆಗೆ ಬಂದರು. ಏಳನೇ ತರಗತಿಯ ಗೋಡೆ ಪಕ್ಕ ಹುಲಿಗೆಮ್ಮ ನಿಂತಿದ್ದಳು.

“ಈಕಿನ್ನ ಇಲ್ಲಿ ಕುಂದರಸಬ್ಯಾಡ್ರಿ ಅಂದಿದ್ದೆ ಅಲ್ಲ?”

“ಕುಂತಿಲ್ಲರಿ ಸರ್, ನಿಂತಾಳ. ಲೆಕ್ಕದ ಪಿರಿಯಡ್ಡಿಗೆ ಇಲ್ಲಿ ನಿಲ್ಲೂ ಶಿಕ್ಷೆ ಕೊಟ್ಟೀನಿ.”

“ಏನ್ ತಪ್ಪು ಮಾಡ್ಯಾಳ?”

“ತನ್ನ ಕ್ಲಾಸಿನ್ಯಾಗ ನಾ ಲೆಕ್ಕ ಬರದು ಮುಗಸೂದ್ರಾಗ ಉತ್ತರ ಒದರ್ತಾಳ್ರಿ. ಉಳಿದ ಹುಡುಗರಿಗೆ ತ್ರಾಸು.”

ಸಾಹೇಬರು ಸಿಡಿದರು. “ಮಕ್ಕಳನ್ನ ಹಿಂಗ ನಿಲ್ಲಸಬಾರದು ಅಂತ ಗೊತ್ತಿಲ್ಲೇನ್ರಿ? ಈಗಿಂದೀಗ ಕುಂದರಸ್ರಿ!”

ಅಕ್ಕೋರು ತಡಮಾಡಲಿಲ್ಲ. ಮುಂದಿನ ಬೆಂಚಿನಲ್ಲಿ ಜಾಗ ಮೊದಲೇ ಖಾಲಿ ಇತ್ತು. ಹುಲಿಗೆಮ್ಮ ಕೂತಳು.

ತಾವೇ ಕೊಟ್ಟ ಆದೇಶ ಎಂಥದೆಂದು ಸಾಹೇಬರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಮುಖ ಕೆಂಪಾಯಿತು.

“ಈ ಶಿಕ್ಷೆ ಎಲ್ಲೀತನಕ?”

“ಅಕಿದು ಒಂದು ಲೆಕ್ಕ ತಪ್ಪೂತನಕ್ರಿ.”

ಈಗಲೇ ಮುಗಿಸಿಬಿಡುವ ಹುಮ್ಮಸ್ಸಿನಲ್ಲಿ ಸಾಹೇಬರು ಸೀಮೆಸುಣ್ಣ ಹಿಡಿದು ಬೋರ್ಡಿನ ಉದ್ದಕ್ಕೂ ಒಂದು ಲೆಕ್ಕ ಬರೆದರು. ಕೊನೆಯ ಅಂಕಿ ಬರೆದು ತಿರುಗುವಷ್ಟರಲ್ಲಿ ಬೆಂಚಿನಿಂದ ಉತ್ತರ ಬಂತು. ಸಾಹೇಬರು ಬೆರಳು ಮಡಚಿ ತಾಳೆ ನೋಡಿದರು. ಮತ್ತೊಮ್ಮೆ ನೋಡಿದರು. ಸೀಮೆಸುಣ್ಣ ಕೆಳಗಿಟ್ಟರು.

“ತ್ರಾಸು ಖರೇನ ಐತಿ,” ಎಂದರು. “ಶಿಕ್ಷೆ ನಡೀಲಿ.”