ಆಣೆ ಮುರಿದ ಬಂಡೆ

ತುಂಗಭದ್ರೆಯ ಈಚೆ ದಡದ ತಂಗಡಿಹಾಳದಿಂದ ಆಚೆ ದಡದ ಬಿಲ್ಲೂರಪೇಟೆಗೆ ಇಂದು ದೋಣಿಯಲ್ಲಿ ಹೋಗುವವರೆಲ್ಲ ಊರು ನೋಡಲು ಬಂದವರೇ. ಬೆಳಗ್ಗೆ ಹೋಗಿ, ಪೇಟೆಯ ಹಳೆಯ ಕೋಟೆಬಾಗಿಲು ನೋಡಿ, ಮಿರ್ಚಿ ಮಂಡಕ್ಕಿ ತಿಂದು, ಒಂದು ಕಂಬಳಿ ಕೊಂಡು, ಸಂಜೆಗೆ ಮರಳುತ್ತಾರೆ. ನಟ್ಟನಡು ಹೊಳೆಯಲ್ಲಿ ಎಮ್ಮೆ ಮೈ ಮುಳುಗಿಸಿ ಮಲಗಿದ ಹಾಗೆ ಕಾಣುವ ಕರಿಬಂಡೆ ಕಂಡೊಡನೆ ಮೊಬೈಲು ಮೇಲೇಳುತ್ತದೆ. ಅದರ ಹೆಸರು ಆಣೆ ಮುರಿದ ಬಂಡೆ ಎಂದು ಕೇಳಿದ್ದೇ ತಡ, ಒಬ್ಬೊಬ್ಬರೂ ಒಂದೊಂದು ಕಥೆ ಕಟ್ಟುತ್ತಾರೆ. ಯಾವನೋ ಪಾಳೇಗಾರ ತಾನು ಮೆಚ್ಚಿದ ಹುಡುಗಿಗೆ ಕೊಟ್ಟ ಮಾತಿಗೆ ತಪ್ಪಿದನಂತೆ, ಅವಳು ಬಂಡೆಯಿಂದ ಹೊಳೆಗೆ ಹಾರಿದಳಂತೆ. ದಡದಲ್ಲಿ ಯಾರೋ ನೆಟ್ಟಿರುವ ಬಣ್ಣದ ಹಲಗೆಯ ಮೇಲೂ ಅದನ್ನೇ ಬರೆದಿದೆ. ಬರೆದ ಪುಣ್ಯಾತ್ಮ ಊರಲ್ಲಿ ಒಬ್ಬರನ್ನಾದರೂ ಕೇಳಬಾರದಿತ್ತೇ? ಆ ಬಂಡೆಯ ಹತ್ತಿರ ಯಾವ ಪಾಳೇಗಾರನೂ ಸುಳಿದಿಲ್ಲ. ಅಲ್ಲಿ ಆಣೆ ಹಾಕಿಸಿದವಳೂ, ಅದನ್ನು ಮುರಿದವಳೂ ತಂಗಡಿಹಾಳದ ಬಾಳವ್ವ. ಅದೂ ಒಂದೇ ಹಗಲಿನಲ್ಲಿ ಎನ್ನುತ್ತಾರೆ ಊರ ಹಿರಿಯರು.

ಹಿಂದೆ ಒಮ್ಮೆ ಈ ಹೊಳೆಗೆ ಇದ್ದದ್ದು ಒಂದೇ ಹರಿಗೋಲು, ಬಿದಿರ ಬುಟ್ಟಿಗೆ ತೊಗಲು ಹೊದಿಸಿದ್ದು. ಅದಕ್ಕೆ ಹುಟ್ಟು ಹಾಕುತ್ತಿದ್ದವನು ಅಂಬಿಗರ ಹುಲಿಗೆಪ್ಪ. ದಾಟಿಸಿದ್ದಕ್ಕೆ ಅವನಿಗೆ ಕಾಸು ಕೊಡುವ ರೂಢಿ ಇರಲಿಲ್ಲ. ಸುಗ್ಗಿಯಲ್ಲಿ ಎರಡೂ ದಡದ ಮನೆಮನೆಯವರು ಕಣದಿಂದಲೇ ಅವನ ಪಾಲಿನ ಜೋಳ ಅಳೆದು ಕೊಡುತ್ತಿದ್ದರು. ಹೀಗಾಗಿ ಹರಿಗೋಲೂ ಎಲ್ಲರದು, ಅಂಬಿಗನೂ ಎಲ್ಲರವನು. ದಡದಲ್ಲಿ ನಿಂತು ಯಾರೇ ಕೂಗಲಿ, ಹರಿಗೋಲು ಎಲ್ಲಿಯೇ ಇರಲಿ, ತಿರುಗಿ ಬರಲೇಬೇಕು. ಕೇಳಿಯೂ ಕೇಳದ ಹಾಗೆ ಹೋದರೆ ಮುಂದಿನ ಸುಗ್ಗಿಯಲ್ಲಿ ಆ ಮನೆಯವರ ಕಣದ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಹುಲಿಗೆಪ್ಪ ತುಟಿಪಿಟಕ್ಕೆನ್ನದೆ ತಿರುಗುತ್ತಿದ್ದ. ಕೂತವರು ತಡವಾಗಿ ಬಂದವನನ್ನು ಬೈಯುತ್ತಿದ್ದರು. ಮರುದಿನ ತಾವೇ ತಡವಾಗಿ ಬಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು.

ಬಾಳವ್ವ ತನ್ನ ಮಗಳು ನಿಂಬವ್ವನನ್ನು ಬಿಲ್ಲೂರಪೇಟೆಗೆ ಕೊಟ್ಟಿದ್ದಳು. ಮೊದಲ ಬಸುರಿನಲ್ಲಿ ಅತ್ತೆ ಶಿವಲಿಂಗವ್ವ ಇಂದು ನಾಳೆ ಎನ್ನುತ್ತ ಸೊಸೆಯನ್ನು ತವರಿಗೆ ಕಳಿಸಲೇ ಇಲ್ಲ. ಬೀಸುವ ಕಲ್ಲಿನ ಮುಂದೆ ನೋವು ಬಂದು ಹುಟ್ಟಿದ ಕೂಸು ಅಳಲಿಲ್ಲ. ಅಂದಿನಿಂದ ಬಾಳವ್ವನ ಹೊಟ್ಟೆಯಲ್ಲಿ ಕೆಂಡ. ಈಗ ನಿಂಬವ್ವ ಮತ್ತೆ ಬಸುರಿ. ಈ ಸಲ ಏನೇ ಆಗಲಿ ಮಗಳ ಬಾಣಂತನ ತನ್ನ ಮನೆಯಲ್ಲೇ ಆಗಬೇಕು ಎಂದು ಅವಳು ಹಟ ಹಿಡಿದಿದ್ದಳು. ಆದರೆ ಒಂಬತ್ತರಲ್ಲಿ ಬಿದ್ದ ಬಸುರಿ ಹೊಳೆ ದಾಟಬಾರದೆಂಬ ಕಟ್ಟಳೆ ಇತ್ತು, ನಿಂಬವ್ವನಿಗೆ ಮಾರನೆಯ ದಿನವೇ ಒಂಬತ್ತು ಬೀಳುವುದಿತ್ತು. ಅದರ ಹಿಂದಿನ ದಿನ ಹೊತ್ತು ನೆತ್ತಿ ದಾಟುವುದರೊಳಗೆ ಬಂದರೆ ಕಳಿಸುತ್ತೇನೆ, ಆಮೇಲೆ ಬಂದರೆ ಇಲ್ಲ ಎಂದು ಬೀಗತಿ ಹೇಳಿಕಳಿಸಿದ್ದಳು. ಆ ದಿನ ಬಾಳವ್ವ ಬೆಳಕು ಹರಿಯುವ ಮುಂಚೆಯೇ ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಎಲ್ಲರಿಗಿಂತ ಮೊದಲು ಹೋಗಿ ಹರಿಗೋಲಿನಲ್ಲಿ ಕೂತಳು.

ಕೂತದ್ದೇ ಬಂತು. ಮಂದಿ ತುಂಬಿ ದಡ ಬಿಡುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಹುಲಿಗೆಪ್ಪ ನಾಲ್ಕು ಹುಟ್ಟು ಹಾಕಿದ್ದನೋ ಇಲ್ಲವೋ, ಬಡಿಗೇರ ಮೋನಪ್ಪ ದಡದಲ್ಲಿ ಕೈ ಬೀಸಿ ಕೂಗಿದ. ತಿರುಗಿದರು, ಹತ್ತಿಸಿಕೊಂಡರು. ಇನ್ನೊಂದಿಷ್ಟು ದೂರ ಹೋದ ಮೇಲೆ ಮೋನಪ್ಪನ ಹೆಂಡತಿ ಕೂಗಿದಳು. ಆ ಮಹಾರಾಯ ಎಲೆಯಡಕೆ ಚೀಲ ಮರೆತು ಬಂದಿದ್ದ. ಅದಕ್ಕೂ ತಿರುಗಿದರು. ಮೂರನೆಯ ಸಲ, ಬಂಡೆ ಇನ್ನೇನು ಕೈಗೆ ಸಿಗುತ್ತದೆ ಎನ್ನುವಾಗ, ಕರಿಯವ್ವಜ್ಜಿ ಕೂಗಿದಳು. ಅಷ್ಟು ದೂರ ಮರಳಿ ಬಂದರೆ ಅಜ್ಜಿ ಕೋಲೂರಿ ನಿಂತು, "ಪ್ಯಾಟ್ಯಾಗ ನಮ್ಮ ತಂಗಿ ಸಿಕ್ರ, ನಾ ಆರಾಮ ಅದೀನಂತ ಹೇಳ್ರೆವ್ವಾ" ಎಂದಳು. ಅವಳು ಎಲ್ಲಿಗೂ ಹೊರಟಿರಲಿಲ್ಲ. ಬುತ್ತಿಯನ್ನು ಅಜ್ಜಿಯ ತಲೆಯ ಮೇಲೇ ಕುಕ್ಕಿಬಿಡಬೇಕು ಎನ್ನುವಷ್ಟು ಸಿಟ್ಟು ಬಂತು ಬಾಳವ್ವನಿಗೆ.

ಮತ್ತೆ ಬಂಡೆಯ ಬಳಿ ಬಂದಾಗ ಹಿಂದಿನಿಂದ ಮತ್ತೊಂದು ಕೂಗು ಕೇಳಿತು. ಹುಲಿಗೆಪ್ಪ ಹುಟ್ಟು ಹೊರಳಿಸುವುದರೊಳಗೆ ಬಾಳವ್ವ ಅದನ್ನು ಗಬಕ್ಕನೆ ಹಿಡಿದುಕೊಂಡಳು. "ಇನ್ನ ತಿರುಗಿದಿ ಅಂದ್ರ ನಾನಽ ಹೊಳಿಗೆ ಹಾರತೀನಿ ನೋಡು! ಈ ಬಂಡಿ ದಾಟಿದ ಮ್ಯಾಲ ಯಾರ ಕೂಗಿದ್ರೂ ತಿರುಗಂಗಿಲ್ಲಂತ ಹೊಳಿತಾಯಿ ಗಂಗವ್ವನ ಮ್ಯಾಲ ಆಣಿ ಮಾಡ್ರಿ, ಎಲ್ಲಾರೂ!" ಎಂದಳು. ಎಲ್ಲರೂ ಬೇಸತ್ತಿದ್ದರು. ಬೊಗಸೆಯಲ್ಲಿ ನೀರು ಹಿಡಿದು, ಬಂಡೆಯನ್ನು ಮುಟ್ಟಿ, ಒಬ್ಬೊಬ್ಬರಾಗಿ ಆಣೆ ಮಾಡಿದರು. ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಆಣೆ ಮಾಡಿದವನು ಮೋನಪ್ಪ. ಅವನು ಹತ್ತಿ ಕೂತಾಗಿತ್ತಲ್ಲ! ಆಣೆ ಮುಗಿಯುವುದಕ್ಕೇ ಮತ್ತಷ್ಟು ಹೊತ್ತು ಹಿಡಿಯಿತು. ಕೂಗಿದವರು ಯಾರೆಂದೂ ನೋಡದೆ ಹರಿಗೋಲು ಪೇಟೆಯ ದಡ ಸೇರಿತು.

ಬಾಳವ್ವ ಓಡುತ್ತಲೇ ಬೀಗರ ಮನೆ ಮುಟ್ಟಿದಳು. ಶಿವಲಿಂಗವ್ವ ಬಾಗಿಲಲ್ಲೇ ನಿಂತಿದ್ದಳು. ಅಂಗಳಕ್ಕಿಳಿದ ನೆರಳನ್ನು ತೋರಿಸಿ, "ಹೊತ್ತ ವಾಲೇತಿ ಬೀಗತಿ. ಮಾತಂದ್ರ ಮಾತು" ಎಂದಳು. ಬಾಳವ್ವ ಹರಿಗೋಲಿನ ಕಥೆ ಹೇಳಿದಳು, ಕೈ ಮುಗಿದಳು, ಬೈದಳು, ಕೊನೆಗೆ ಕಾಲನ್ನೂ ಹಿಡಿದಳು. ಬೀಗತಿ ಉಪಚಾರದಲ್ಲಿ ಏನೂ ಕಡಿಮೆ ಮಾಡಲಿಲ್ಲ. ತಾಟು ಹಾಕಿ ತುಪ್ಪ ಬಡಿಸಿದಳು. ಮಗಳನ್ನು ಮಾತ್ರ ಬಿಡಲಿಲ್ಲ. ನಿಂಬವ್ವ ಅಡುಗೆಮನೆಯ ಬಾಗಿಲು ಹಿಡಿದೇ ನಿಂತಿದ್ದಳು. ಬಾಳವ್ವ ತಾಟನ್ನು ಹಾಗೇ ಸರಿಸಿಟ್ಟಳು. ಹೊತ್ತು ಇಳಿದಾಗ ಮಗಳ ತಲೆ ನೇವರಿಸಿ, ಬರಿಗೈಯಲ್ಲಿ ಹೊಳೆಯ ಹಾದಿ ಹಿಡಿದಳು.

ಮರಳುವಾಗ ಹರಿಗೋಲಿನಲ್ಲಿ ಬೆಳಗಿನ ಮಂದಿಯೇ ಇದ್ದರು. ಬಂಡೆ ದಾಟಿ ಹಿಂದಾಯಿತು. ಆಗ ಪೇಟೆಯ ದಡದಿಂದ ಒಂದು ಕೂಗು ಬಂತು. ಬಾಳವ್ವ ತಿರುಗಿ ನೋಡಿದಳು. ಹೊಟ್ಟೆಯ ಮೇಲೊಂದು ಕೈ ಇಟ್ಟುಕೊಂಡು ನಿಂಬವ್ವ ಮೊಣಕಾಲುದ್ದ ನೀರಿಗೆ ಇಳಿದು ನಿಂತಿದ್ದಳು. ಅತ್ತೆಯನ್ನು ಕೇಳದೆಯೇ ಹೊಸ್ತಿಲು ದಾಟಿ ಬಂದಿದ್ದಳು. ಹುಲಿಗೆಪ್ಪ ಹುಟ್ಟು ನಿಲ್ಲಿಸಿದ, ಆದರೆ ತಿರುಗಿಸಲಿಲ್ಲ. "ಆಣಿ ಆಗೇತಿ ಬಾಳವ್ವ, ನೀನಽ ಹಾಕಿಸಿದ್ದಿ. ಗಂಗವ್ವ ಸುಮ್ಮನ ಬಿಡ್ತಾಳೇನು?" ಎಂದ ಮೋನಪ್ಪ. ಬೆಳಗ್ಗೆ ಎಲೆಯಡಕೆಗಾಗಿ ಊರ ಮಂದಿಯನ್ನೆಲ್ಲ ಕಾಯಿಸಿದ ಮನುಷ್ಯನಿಗೆ ಈಗ ಧರ್ಮ ನೆನಪಾಗಿತ್ತು! ಉಳಿದವರೂ ತಲೆಯಾಡಿಸಿದರು. ತಮಗೂ ಮಕ್ಕಳುಮರಿ ಇವೆ, ಗಂಗೆಯ ಶಾಪ ಯಾರಿಗೆ ಬೇಕು ಎಂದರು.

ಬಾಳವ್ವ ಯಾರ ಮುಖವನ್ನೂ ನೋಡಲಿಲ್ಲ. ಹುಲಿಗೆಪ್ಪನ ಕೈಯಿಂದ ಹುಟ್ಟು ಕಸಿದುಕೊಂಡು ತಾನೇ ನೀರಿಗೆ ಹಾಕಿದಳು. ಅರಿಯದವರು ಹುಟ್ಟು ಹಿಡಿದರೆ ಹರಿಗೋಲು ಮುಂದೆ ಹೋಗುತ್ತದೆಯೇ? ನಿಂತಲ್ಲೇ ಬುಗುರಿಯ ಹಾಗೆ ಗಿರಗಿರ ತಿರುಗತೊಡಗಿತು. ಮಂದಿ ಬಾಯಿ ಬಾಯಿ ಬಡಿದುಕೊಂಡರು. ಅವಳು ಮಾತ್ರ ನೀರಿಗೆ ಮುಖ ಮಾಡಿ, "ಆಣಿ ಹಾಕಿಸಿದಾಕಿ ನಾನು, ಮುರಿಯಾಕೀನೂ ನಾನಽ. ಏನ ಮಾಡೂದಿದ್ರೂ ನನಗ ಮಾಡವ್ವಾ ಗಂಗವ್ವಾ. ನನ್ನ ಮಗಳು ನಿಂತಾಳಲ್ಲಿ!" ಎಂದು ಅರಚುತ್ತ ಹುಟ್ಟು ಬಡಿಯುತ್ತಲೇ ಇದ್ದಳು. ಕಡೆಗೆ ಹುಲಿಗೆಪ್ಪನ ತಾಳ್ಮೆಯೂ ತಪ್ಪಿತು. "ಕೊಡಽ ಇಲ್ಲೆ! ಆಣಿ ಮುರದ್ರ ಪಾಪ ಬರತೈತಿ, ಹರಗೋಲ ಮುಗಚಿದ್ರ ಎಲ್ಲಾರ ಹೆಣ ಬೀಳತಾವು!" ಎಂದು ಹುಟ್ಟು ಕಿತ್ತುಕೊಂಡು, ನೇರವಾಗಿ ಪೇಟೆಯ ದಡಕ್ಕೆ ತಿರುಗಿಸಿದ. ಮಗಳನ್ನು ಹತ್ತಿಸಿಕೊಂಡೊಡನೆ ಬಾಳವ್ವ, "ಆಗಲೇ ನನ್ನ ಕೂಡ ಬರಾಕ ಏನ ಧಾಡಿಯಾಗಿತ್ತು ನಿನಗ?" ಎಂದು ಬೈದಳು. ಬೈಯುತ್ತಲೇ ಅವಳನ್ನು ತಬ್ಬಿಕೊಂಡು ಅತ್ತಳು.

ಗಂಗವ್ವ ಯಾರನ್ನೂ ಏನೂ ಮಾಡಲಿಲ್ಲ. ನಿಂಬವ್ವನ ಕೂಸು ತಂಗಡಿಹಾಳದಲ್ಲಿ ಹುಟ್ಟಿತು. ಅದರ ಅಳು ಆಚೆ ದಡಕ್ಕೂ ಕೇಳಿಸಿತು ಎನ್ನುತ್ತಾರೆ. ಮತ್ತೆ ಆಣೆಯ ಮಾತನ್ನು ಯಾರೂ ಎತ್ತಲಿಲ್ಲ. ಈಗ ಓಡಾಡುವುದು ಇಂಜಿನ್ ದೋಣಿ. ಆದರೂ ಆ ಬಂಡೆಯ ಬಳಿ ಬಂದಾಗ ದೋಣಿಯವನು ಇಂಜಿನ್ ಆರಿಸಿ, ಎರಡೂ ದಡಗಳ ಕಡೆ ನೋಡಿ, ತುಸು ಹೊತ್ತು ಕಿವಿಗೊಟ್ಟು ಕೂರುತ್ತಾನೆ. ಬಂದವರು ಚಡಪಡಿಸುತ್ತಾರೆ, ಡೀಸೆಲ್ ಮುಗಿಯಿತೇ ಎಂದು ಕೇಳುತ್ತಾರೆ, ಕೈಗಡಿಯಾರ ತೋರಿಸಿ ಜಗಳವಾಡುತ್ತಾರೆ. ಕೆಲವೊಮ್ಮೆ ನಿಜವಾಗಿಯೂ ಯಾರೋ ಕೂಗುತ್ತಾರೆ, ದೋಣಿ ತಿರುಗುತ್ತದೆ. ಹೋಗಿ ನೋಡಿದರೆ ಬಹುಮಟ್ಟಿಗೆ ಏನನ್ನೋ ಮರೆತು ಬಂದ ದಡ್ಡನೇ ಅಲ್ಲಿ ನಿಂತಿರುತ್ತಾನೆ. ಏನು ಮಾಡುವುದು, ಅಷ್ಟು ದೂರಕ್ಕೆ ಎಲ್ಲರ ಕೂಗೂ ಒಂದೇ ಥರ ಕೇಳಿಸುತ್ತದೆ.