ಆನೆಯ ಹೊಂಡವೂ ಹಂದಿಯಮ್ಮನ ಒರತೆಯೂ

“ಮೊಲರಾಯ, ಸ್ವಲ್ಪ ದಾರಿ ಹೇಳಪ್ಪ. ಹಂದಿಯಮ್ಮನ ಒರತೆ ಯಾವ ಕಡೆ?”

ಒಣಗಿದ ಹೊಳೆಯ ನಡುವೆ ನಿಂತು ಹೀಗೆ ಕೇಳಿದವಳು ಹೆಬ್ಬಾತು. ಹಿಮದ ಬೆಟ್ಟ ದಾಟಿ, ಊರೂರಿನ ಕೆರೆಯ ನೀರು ಕುಡಿದವಳು. ಅಂಥವಳಿಗೂ ಇವತ್ತು ದಾರಿ ತಪ್ಪಿತ್ತು! ಹೋದ ಬೇಸಿಗೆಯಲ್ಲಿ ರೆಕ್ಕೆಗೆ ಪೆಟ್ಟಾಗಿ ಬಿದ್ದಿದ್ದಾಗ ಹಂದಿಯಮ್ಮ ಅವಳನ್ನು ತನ್ನ ಒರತೆಯ ಪಕ್ಕದಲ್ಲೇ ಮಲಗಿಸಿಕೊಂಡು ಬದುಕಿಸಿದ್ದಳು. ಆ ಋಣ ತೀರಿಸದೆ ಹೆಬ್ಬಾತಿಗೆ ನೆಮ್ಮದಿಯಿಲ್ಲ. ಆದರೆ ಮರಳಲ್ಲಿ ಮಿನುಗುತ್ತಿದ್ದ ಒರತೆಗಳು ಒಂದೂ ಕಾಣುತ್ತಿಲ್ಲ.

“ಒರತೆನಾ? ಯಾವ ಕಾಲದಲ್ಲಿದ್ದೀಯ ಬಾತಕ್ಕ?” ಎಂದು ಮೊಲ ಒಣ ತುಟಿ ಸವರಿಕೊಂಡಿತು. “ಈಗೆಲ್ಲ ಆನೆಯಪ್ಪನ ಹೊಂಡ ಒಂದೇ.”

ಮಕ್ಕಳೇ, ಆ ಕಾಡಿನಲ್ಲಿ ಮೊದಲು ಬೇಸಿಗೆ ಬಂತೆಂದರೆ ಪ್ರತಿ ಮನೆಯವರೂ ಮರಳು ಬಗೆದು ತಮ್ಮ ಪಾಲಿನ ಒರತೆ ತೋಡಿಕೊಳ್ಳುತ್ತಿದ್ದರು. ಮರಿಗಳು ಪಕ್ಕದಲ್ಲಿ ನಿಂತು ಕಲಿಯುತ್ತಿದ್ದವು. ಆಮೇಲೆ ಆನೆ ಬಂತು. “ಪಾಪ, ನಿಮಗ್ಯಾಕೆ ಈ ಕಷ್ಟ? ಎಲ್ಲರಿಗೂ ಸೇರಿಸಿ ನಾನೇ ಒಂದು ಹೊಂಡ ತೋಡ್ತೀನಿ. ನಿಮ್ಮ ಚಿಲ್ಲರೆ ಗುಂಡಿಗಳು ಮಾತ್ರ ನನ್ನ ಕಾಲಿಗೆ ತೊಡಕು, ಮುಚ್ಚಿಬಿಡಿ” ಎಂದಿತು. ಎಲ್ಲರೂ ಕುಣಿದಾಡುತ್ತ ಮುಚ್ಚಿದರು. ಆನೆ ಅವುಗಳ ಮೇಲೆ ಓಡಾಡಿ ಗಟ್ಟಿ ಮಾಡಿತು.

ಹೆಬ್ಬಾತು ಹೊಂಡಕ್ಕೆ ಹೋಗಿ ನೋಡಿದರೆ ಆನೆಗೆ ಮದ ಬಂದುಬಿಟ್ಟಿದೆ! ನೀರಿನ ನಡುವೆ ನಿಂತು ಹತ್ತಿರ ಬಂದವರನ್ನೆಲ್ಲ ಅಟ್ಟುತ್ತಿದೆ. ದೂರದಲ್ಲಿ ಇಡೀ ಕಾಡೇ ನಾಲಿಗೆ ಚಾಚಿ ನಿಂತಿದೆ. ಬಂಡೆಯ ಮೇಲೆ ಆನೆಯ ಕಾರಭಾರಿ ನರಿ.

“ನಿಮ್ಮ ಬಾಯಾರಿಕೆಯ ಬಗ್ಗೆ ಆನೆಯವರಿಗೆ ಬಹಳ ಕಾಳಜಿ ಇದೆ. ದಯವಿಟ್ಟು ಸರದಿಯಲ್ಲಿ ಕಾಯಿರಿ.”

“ಎಲ್ಲಿಯವರೆಗೆ?”

“ಮದ ಇಳಿಯೋವರೆಗೆ.”

“ಯಾವಾಗ ಇಳಿಯುತ್ತೆ?”

“ನಿಮ್ಮ ಬಾಯಾರಿಕೆಯ ಬಗ್ಗೆ ಆನೆಯವರಿಗೆ...”

“ಸಾಕು ಮುಚ್ಚು ಬಾಯಿ!” ಎಂದಳು ಹೆಬ್ಬಾತು.

ಹೊಂಡದಿಂದ ತುಸು ಆಚೆ, ಮತ್ತಿ ಮರದ ನೆರಳಲ್ಲಿ ಹಂದಿಯಮ್ಮ ಸಿಕ್ಕಳು. ಅವಳ ಕೊನೆಯ ಮರಿ ತಲೆಯನ್ನೇ ಎತ್ತುತ್ತಿರಲಿಲ್ಲ.

“ಎದ್ದೇಳೇ! ನಿನ್ನ ಮೂತಿಗೇನು ಬಂತು? ಅಗೆ!” ಎಂದಳು ಹೆಬ್ಬಾತು.

“ಎಲ್ಲಿ ಅಂತ ಅಗೆಯಲೇ? ಅಗೆದಲ್ಲೆಲ್ಲ ಬಂಡೆ. ನೀರಿದ್ದ ಜಾಗವೇ ಮರೆತುಹೋಗಿದೆ” ಎಂದು ಹಂದಿಯಮ್ಮ ಅತ್ತಳು.

“ಚೆನ್ನಾಗಿದೆ! ಕುಡಿಯುವ ನೀರನ್ನು ಇನ್ನೊಬ್ಬನ ಸೊಂಡಿಲಿಗೆ ಕಟ್ಟಿ, ಕೈಯಾರೆ ಒರತೆ ಮುಚ್ಚಿದಿರಲ್ಲ, ನಾಚಿಕೆ ಬೇಡವೇ? ಮುಚ್ಚಿಸಿದ ಆ ಆನೆಯಪ್ಪನಿಗಾದರೂ ಬೇಡವೇ?”

ಬೈಯುತ್ತಲೇ ಹೆಬ್ಬಾತು ಕಾದ ಮರಳಿಗೆ ಹೋಗಿ ಮಲಗಿದಳು. ಎದ್ದಳು. ಸ್ವಲ್ಪ ಆಚೆ ಹೋಗಿ ಮತ್ತೆ ಮಲಗಿದಳು.

“ಬಾತಕ್ಕನಿಗೆ ಬಿಸಿಲು ತಲೆಗೇರಿದೆ” ಎಂದು ಬಂಡೆಯ ಮೇಲಿಂದಲೇ ನರಿ ನಕ್ಕಿತು.

ಹೆಬ್ಬಾತು ಕಿವಿಗೆ ಹಾಕಿಕೊಳ್ಳಲಿಲ್ಲ. ರೆಕ್ಕೆ ನೋಯುತ್ತ ಬಿದ್ದಿದ್ದ ದಿನಗಳಲ್ಲಿ ಅವಳಿಗೆ ನೋಡಲು ಇದ್ದದ್ದು ಎರಡೇ: ನೇರ ಎದುರಿಗೆ ಮತ್ತಿ ಮರದ ಪೊಟರೆ, ಬಲಕ್ಕೆ ಸೀಳುಬಂಡೆಯ ಸಂದಿಯಲ್ಲಿ ಒಂದು ಚೂರು ಆಕಾಶ. ಮಲಗಿ ಎದ್ದು, ಮಲಗಿ ಎದ್ದು, ಕೊನೆಗೆ ಎರಡೂ ಅಂದು ಕಂಡ ಹಾಗೆಯೇ ಒಟ್ಟಿಗೆ ಕಂಡವು.

“ಇಲ್ಲೇ ಕಣೇ! ನನ್ನ ಕೊಕ್ಕಿನ ಮುಂದೆ ಅಗೆ!”

“ಅಪ್ಪಣೆಯಿಲ್ಲದೆ ಅಗೆಯೋ ಹಾಗಿಲ್ಲ!” ಎಂದು ನರಿ ಕಿರುಚಿತು. ಹಂದಿಯಮ್ಮ ಒಮ್ಮೆ ತಿರುಗಿ ಕೋರೆ ತೋರಿಸಿದಳು. ನರಿ ಬಂಡೆಯ ಹಿಂದೆ ಮಾಯ.

ಮೂತಿ ತರಚಿ ರಕ್ತ ಬಂದರೂ ಹಂದಿಯಮ್ಮ ಬಿಡಲಿಲ್ಲ. ಮರಳು ಕಪ್ಪಾಯಿತು, ಒದ್ದೆಯಾಯಿತು, ಆಮೇಲೆ ನೀರು ಜಿನುಗಿತು. ಮರಿ ಮೂತಿ ಅದ್ದಿ ಗುಟುಗುಟು ಕುಡಿಯಿತು. ಅದನ್ನು ಕಂಡ ಮೊಲ, ಜಿಂಕೆ, ಮುಳ್ಳುಹಂದಿ ಎಲ್ಲ ಸರದಿ ಮುರಿದು ತಮ್ಮ ತಮ್ಮ ಜಾಗ ಹುಡುಕಲು ಓಡಿದವು.

“ನೀನೂ ಕುಡಿಯೇ” ಎಂದಳು ಹಂದಿಯಮ್ಮ.

“ಹೋದ ವರ್ಷ ಇದೇ ನೀರು ಕುಡಿದು ಬದುಕಿದೆ. ಇವತ್ತು ನಿನ್ನ ಮರಿ ಕುಡಿಯಿತು. ಋಣ ತೀರಿತು, ಬರ್ತೀನಿ” ಎಂದು ಹೆಬ್ಬಾತು ರೆಕ್ಕೆ ಬಿಚ್ಚಿದಳು.

ನೀತಿ: ದೊಡ್ಡವನ ನೀರು ಕುಡಿದರೂ ನಿನ್ನ ಒರತೆಯನ್ನು ಮುಚ್ಚಬೇಡ, ಮುಚ್ಚು ಎನ್ನುವವನನ್ನು ಮೊದಲೇ ನಂಬಬೇಡ.